ಯೂರಿಕ್ ಆಸಿಡ್ ಇಳಿದದ್ದು ಪಥ್ಯದಿಂದಲ್ಲ

ನನ್ನ ರಕ್ತದ ಯೂರಿಕ್ ಆಸಿಡ್ ಈಗ ಡೆಸಿಲೀಟರಿಗೆ 5.5 ಮಿಲಿಗ್ರಾಂ ಆಸುಪಾಸಿನಲ್ಲಿದೆ. ಗೌಟ್, ಅಂದರೆ ಯೂರಿಕ್ ಆಸಿಡ್ ಹರಳುಗಟ್ಟಿ ಕೀಲು ಊದುವ ಕಾಯಿಲೆ ನನಗಿದೆ; ಕಾಲಿನ ಹೆಬ್ಬೆರಳು ಊದದೆ ವರ್ಷದ ಮೇಲಾಯಿತು. "ಗೌಟ್ ಹತೋಟಿಗೆ ಬರುವುದುಂಟಾ ಮಾರಾಯ?" ಎಂದು ನಕ್ಕ ಮಂಗಳೂರಿನ ಗೆಳೆಯರು ಇದನ್ನು ಓದಬೇಕು.

ಪಥ್ಯಕ್ಕೆ ಸುರಿದ ದುಡ್ಡಿನ ಲೆಕ್ಕ ಮೊದಲು. ಬೂತಾಯಿ, ಬಂಗುಡೆ, ಮಟನ್ ಬಿಟ್ಟೆ. ಅವರಿವರು ಹೇಳಿದರೆಂದು ತೊಗರಿಬೇಳೆ, ಟೊಮೆಟೊ, ಬಸಳೆಯೂ ಹೋಗಿ ಗಂಜಿ ಉಪ್ಪಿನಕಾಯಿಗೆ ಬಂದು ನಿಂತೆ. ಕಷಾಯದ ಪುಡಿ, ಚೆರ್ರಿ ರಸ, ತೈಲ ಅಂತ ಹತ್ತು ಹನ್ನೆರಡು ಸಾವಿರ ಕರಗಿತು. 9 ದಾಟಿದ್ದು 8ರ ಮೇಲೇ ನಿಂತಿತು. ಪಥ್ಯಕ್ಕೆ ಇಳಿಯುವುದೇ ಅಷ್ಟು. ಯೂರಿಕ್ ಆಸಿಡ್‌ನ ದೊಡ್ಡ ಪಾಲು ಹುಟ್ಟುವುದು ನಮ್ಮದೇ ಜೀವಕೋಶಗಳಿಂದ. ಬಹುಪಾಲು ಗೌಟಿನವರಲ್ಲಿ ಮೂತ್ರಪಿಂಡ ಅದನ್ನು ಸಾಕಷ್ಟು ಹೊರಹಾಕುವುದಿಲ್ಲ. 6.8 ದಾಟಿದರೆ ಹರಳುಗಟ್ಟಲು ಶುರು, ಅದೂ ತಣ್ಣಗಿರುವ ಕಾಲ್ಬೆರಳಲ್ಲೇ ಮೊದಲು.

ಆಮೇಲೆ ನನ್ನ ಬಿಪಿ ಮಾತ್ರೆಯ ಮೇಲೆ ಕಣ್ಣು ಬಿತ್ತು. ಅದರಲ್ಲಿ ಹೈಡ್ರೋಕ್ಲೋರೋಥಯಜೈಡ್ ಇತ್ತು, ಯೂರಿಕ್ ಆಸಿಡ್ ಏರಿಸುವಂಥದ್ದು. ಡಾಕ್ಟರಲ್ಲಿ ಕೇಳಿ, ಅದನ್ನು ಏರಿಸದ ಬಿಪಿ ಮಾತ್ರೆ ಲೋಸಾರ್ಟನ್‌ಗೆ ಬದಲಾಯಿಸಿಕೊಂಡೆ. ಇದನ್ನು ಹುಡುಕಿದ್ದು ನಾನೇ, ಸ್ವಲ್ಪ ಜಂಬ ಇರಲಿ.

ಕೊನೆಗೆ ಅಲೋಪ್ಯೂರಿನಾಲ್, ಯೂರಿಕ್ ಆಸಿಡ್ ಹುಟ್ಟುವುದನ್ನೇ ತಗ್ಗಿಸುವ ಮಾತ್ರೆ. 100 ಮಿಲಿಗ್ರಾಂನಿಂದ ಶುರುಮಾಡಿ ಮೆಲ್ಲ ಮೆಲ್ಲ 300. ಮೊದಲ ತಿಂಗಳುಗಳಲ್ಲಿ ನೋವು ಇನ್ನೂ ಜೋರು! "ಮಾತ್ರೆ ಆಗಿಬರಲಿಲ್ಲ, ಬಿಡು" ಎಂದರು ಮಾವ. ಮಟ್ಟ ಇಳಿಯುವಾಗ ಹಳೆಯ ಹರಳು ಸಡಿಲವಾಗಿ ಕೆರಳುವುದು ಹಾಗೆಯೇ. ಆ ಕೆರಳುವಿಕೆ ತಡೆಯಲು ಡಾಕ್ಟರು ಜೊತೆಗೆ ಕೊಟ್ಟ ಕಾಲ್ಚಿಸಿನ್ ಮಾತ್ರೆ ಆರು ತಿಂಗಳು ನುಂಗಿದೆ, ಬಿಡಲಿಲ್ಲ. ಎರಡೂ ಸೇರಿ ತಿಂಗಳಿಗೆ ಇನ್ನೂರು ಚಿಲ್ಲರೆ. ಮೈಮೇಲೆ ದದ್ದು ಎದ್ದರೆ ಮಾತ್ರ ಅಲೋಪ್ಯೂರಿನಾಲ್ ಅಂದೇ ನಿಲ್ಲಿಸಿ ಡಾಕ್ಟರಲ್ಲಿಗೆ ಓಡಿ, ಅದು ತಮಾಷೆಯಲ್ಲ.

ನಡುವೆ ಮೂರು ನಾಲ್ಕು ಸಾವಿರ ಕೊಟ್ಟು ಬೆರಳು ಚುಚ್ಚಿ ಯೂರಿಕ್ ಆಸಿಡ್ ಅಳೆಯುವ ಮೀಟರ್ ತಂದೆ. ಏಕಾದಶಿ ಉಪವಾಸದ ಮರುದಿನ ಏರಿಕೆ. ಬಿಯರ್ ಕುಡಿದರೂ ಏರಿಕೆ, ಬಾಟಲಿಯ ಸಿಹಿ ಪಾನೀಯಕ್ಕೂ ಏರಿಕೆ. ಹೆಸರುಕಾಳಿಗೆ ಏನೂ ಇಲ್ಲ. ಹೆಂಡತಿ ಖುಷಿಯಾಗಿ ಅಂದೇ ಸಾರು ಮಾಡಿದಳು.

ಒಮ್ಮೆ ಕಾಲು ಊರಲಾಗದ ನೋವಿನ ನಡುವೆ ಮೀಟರ್ 6 ತೋರಿಸಿತು. ನೋವು ಉರಿಯುವಾಗ ರಕ್ತದಲ್ಲಿ ಮಟ್ಟ ಇಳಿದಿರುವುದುಂಟು. ಲ್ಯಾಬಿಗೆ ಹೋಗುವವರು ಊತ ಇಳಿದು ಎರಡು ವಾರ ಕಳೆದ ಮೇಲೆ ಹೋಗಿ.