ಎಲ್ಲಿ ನಿಂತಿರಿ? ಒಂಬತ್ತು ಜನರ ಗುಂಪಿನಲ್ಲಿ ನನ್ನ ಕಥೆಗಳು ತಯಾರಾದ ಬಗೆ

ನನ್ನ ಮೊದಲ ಕಥಾಸಂಕಲನದ 300 ಪ್ರತಿಯೂ ಖಾಲಿಯಾಗಿ, ಈಗ ಎರಡನೇ ಮುದ್ರಣ ತಯಾರಾಗುತ್ತಿದೆ. ಆ ಕಥೆಗಳೆಲ್ಲಾ ತಿದ್ದಿಸಿಕೊಂಡದ್ದು ಒಂಬತ್ತು ಜನರ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ. "ವಾಟ್ಸ್‌ಆ್ಯಪ್‌ನಲ್ಲಿ ಹರಟೆ ಹುಟ್ಟುತ್ತೆ, ಕಥೆ ಹುಟ್ಟಲ್ಲ" ಅಂತ ನಮ್ಮೂರಿನ ಹಿರಿಯ ಲೇಖಕರೊಬ್ಬರು ಹಿಂದೆ ಹೇಳಿದ್ದರು. ಅವರೇ ಮೊನ್ನೆ ಅಂಗಡಿಗೆ ಬಂದು, "ನಿಮ್ಮ ಗುಂಪಿಗೆ ನಮ್ಮ ಹುಡುಗನನ್ನೂ ಸೇರಿಸ್ಕೊಳ್ಳಿ" ಅಂದರು. ಸೇರಿಸಿಕೊಳ್ಳಲು ಆಗಲಿಲ್ಲ. ಕಾರಣ ಮುಂದೆ ಹೇಳುತ್ತೇನೆ.

ತಿಪಟೂರಿನಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಬೆಳಿಗ್ಗೆ ಐದರಿಂದ ಏಳರವರೆಗೆ ಬರೆಯುತ್ತೇನೆ. ಒಂಬತ್ತಕ್ಕೆ ಶಟರ್ ಎತ್ತಬೇಕು. ಬರೆದದ್ದನ್ನು ತೋರಿಸಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಮನೆಯಲ್ಲಿ ತೋರಿಸಿದರೆ "ಚೆನ್ನಾಗಿದೆ" ಅನ್ನುತ್ತಾರೆ. ಆ ಮಾತಿನಿಂದ ಸಂತೋಷವಾಗುತ್ತದೆ, ಕಥೆ ಮಾತ್ರ ಇದ್ದಲ್ಲೇ ಇರುತ್ತದೆ.

2020ರ ಲಾಕ್‌ಡೌನ್‌ನಲ್ಲಿ ಮೊದಲ ಗುಂಪು ಸೇರಿದೆ. ಸುಮಾರು 140 ಜನ. ಬೆಳಿಗ್ಗೆ ಎದ್ದರೆ ಶುಭೋದಯದ ಹೂವು, ಹಬ್ಬ ಬಂದರೆ ಹಬ್ಬದ ಚಿತ್ರ, ನಡುವೆ ಯಾರದ್ದೋ ಕವಿತೆ, ಅದರ ಕೆಳಗೆ ನಲವತ್ತು ಚಪ್ಪಾಳೆ. ನಾನೊಂದು ಕಥೆ ಹಾಕಿದೆ. ಚಪ್ಪಾಳೆ ಬಂತು. ಮೂರು ತಿಂಗಳಾದ ಮೇಲೆ ಅದೇ ಕಥೆ, ಶೀರ್ಷಿಕೆ ಬದಲಾಗಿ, ಬೇರೊಬ್ಬರ ಹೆಸರಿನಲ್ಲಿ ಓಡಾಡುತ್ತಿತ್ತು. ಕೇಳಿದರೆ "ನನಗೂ ಯಾರೋ ಕಳಿಸಿದ್ದು" ಅಂದರು. ಆ ಕಥೆಯನ್ನು ನಾನು ಮತ್ತೆ ಎಲ್ಲೂ ಕೊಡಲಿಲ್ಲ. ಅದರ ನೋವು ಇವತ್ತಿಗೂ ಇದೆ.

ಆಮೇಲೆ 4,500 ರೂಪಾಯಿ ಕೊಟ್ಟು ಒಂದು ಆನ್‌ಲೈನ್ ಕಮ್ಮಟಕ್ಕೆ ಸೇರಿದೆ. ಎಂಟು ಭಾನುವಾರದ ಪಾಠ ಅಂದಿದ್ದರು. ಮೂರು ನೇರವಾಗಿ ನಡೆಯಿತು, ಉಳಿದದ್ದು ರೆಕಾರ್ಡಿಂಗ್. ನನ್ನ ಕರಡನ್ನು ಒಬ್ಬರೂ ಓದಲಿಲ್ಲ. ಆದರೆ ಅಲ್ಲಿ ನಾಲ್ಕು ಜನ ಸಿಕ್ಕರು. ಅವರೂ ನನ್ನಂತೆಯೇ ಓದುವವರಿಗಾಗಿ ಹುಡುಕುತ್ತಿದ್ದರು. ಹಾಗೆ ನೋಡಿದರೆ ದುಡ್ಡು ಪೂರ್ತಿ ಹಾಳಾಗಲಿಲ್ಲ.

2021ರ ಯುಗಾದಿಯ ದಿನ, ಏಪ್ರಿಲ್ 13ಕ್ಕೆ, ಐದು ಜನ ಸೇರಿ ಹೊಸ ಗುಂಪು ಮಾಡಿದೆವು. ಆರು ತಿಂಗಳಲ್ಲಿ ಒಂಬತ್ತಾದೆವು. ಹುಬ್ಬಳ್ಳಿ, ಶಿರಸಿ, ಕುಂದಾಪುರ, ಚಾಮರಾಜನಗರ, ಬೆಂಗಳೂರಿನಲ್ಲಿ ಇಬ್ಬರು, ಮೆಲ್ಬರ್ನ್‌ನಲ್ಲಿ ಒಬ್ಬರು, ನ್ಯೂಜೆರ್ಸಿಯಲ್ಲಿ ಒಬ್ಬರು, ತಿಪಟೂರಿನಲ್ಲಿ ನಾನು. ಏಳು ಜನ ಕಥೆ ಬರೆಯುವವರು. ಬೆಂಗಳೂರಿನ ಒಬ್ಬಳು ಚಿತ್ರ ಬರೆಯುತ್ತಾಳೆ. ಚಾಮರಾಜನಗರದವನು ನಾಟಕದವನು.

ನಿಯಮ ಒಂದೇ. ಒಂದು ಹಾಕಬೇಕಾದರೆ ಎರಡು ಓದಿರಬೇಕು. ಓದಿದ ಮೇಲೆ "ಚೆನ್ನಾಗಿದೆ" ಅನ್ನುವ ಹಾಗಿಲ್ಲ, "ಚೆನ್ನಾಗಿಲ್ಲ" ಅಂತಲೂ ಅನ್ನುವ ಹಾಗಿಲ್ಲ. ಓದುತ್ತಾ ಎಲ್ಲಿ ನಿಂತಿರಿ ಅಂತ ಹೇಳಬೇಕು, ಅಷ್ಟೇ. ಎಲ್ಲಿ ಮೊಬೈಲ್ ಪಕ್ಕಕ್ಕಿಟ್ಟು ಎದ್ದು ಹೋಗಬೇಕು ಅನ್ನಿಸಿತು, ಎಲ್ಲಿ ಮತ್ತೆ ಹಿಂದಕ್ಕೆ ಹೋಗಿ ಓದಬೇಕಾಯಿತು. ನಾವು ಇದಕ್ಕೆ "ನಿಂತ ಜಾಗ" ಅನ್ನುತ್ತೇವೆ. ಯಾಕೆ ನಿಂತಿರಿ ಅಂತ ಬರೆದವರು ಕೇಳುವ ಹಾಗಿಲ್ಲ. ಒಬ್ಬರು ನಿಂತರೆ ಬಿಡಬಹುದು. ಮೂರು ಜನ ಒಂದೇ ಕಡೆ ನಿಂತರೆ ಅಲ್ಲಿ ಕಲ್ಲು ಇದೆ ಅಂತಲೇ ಅರ್ಥ.

ಮೊದಮೊದಲು ಇದೂ ಕೆಲಸ ಮಾಡಲಿಲ್ಲ. ಇಡೀ ಕಥೆಯನ್ನು ಒಂದೇ ಮೆಸೇಜಿನಲ್ಲಿ ಹಾಕುತ್ತಿದ್ದೆವು. ವಾಟ್ಸ್‌ಆ್ಯಪ್ ಅದನ್ನು ಕತ್ತರಿಸಿ "ಇನ್ನಷ್ಟು ಓದಿ" ಅಂತ ತೋರಿಸುತ್ತದೆ. ಜನ ಅಲ್ಲೇ ನಿಲ್ಲುತ್ತಿದ್ದರು, ಅದು ಕಥೆಯ ತಪ್ಪಲ್ಲ. ಪಿಡಿಎಫ್ ಕಳಿಸಿದೆವು, ಯಾರೂ ತೆಗೆಯಲಿಲ್ಲ. ಗೂಗಲ್ ಡಾಕ್ಸ್ ಮಾಡಿದೆವು. ಅಲ್ಲಿ ಎಲ್ಲರೂ ಕಾಗುಣಿತ ತಿದ್ದಲು ಶುರು ಮಾಡಿದರು, ಕಥೆ ಮರೆತೇ ಹೋಯಿತು. ಕೊನೆಗೆ ಒಂದೊಂದು ಪ್ಯಾರಾವನ್ನೂ ಒಂದೊಂದು ಮೆಸೇಜ್ ಮಾಡಿ ಹಾಕಿದೆವು. ನಿಂತ ಪ್ಯಾರಾಕ್ಕೆ ರಿಪ್ಲೈ ಒತ್ತಿ "ಇಲ್ಲಿ" ಅಂದರೆ ಸಾಕು. 2022ರಲ್ಲಿ ಮೆಸೇಜಿನ ಮೇಲೆ ಪುಟ್ಟ ಚಿತ್ರ ಅಂಟಿಸುವ ರಿಯಾಕ್ಷನ್ ಬಂದ ಮೇಲೆ ಇನ್ನೂ ಸುಲಭವಾಯಿತು. ಅಡ್ಡ ಹಿಡಿದ ಕೈಯ ಚಿತ್ರ ಒತ್ತಿದರೆ ನಿಂತ ಜಾಗ ಅಂತ. ಸಂಜೆ ಅಂಗಡಿಯಲ್ಲಿ ಕೂತು ಮೇಲಿಂದ ಕೆಳಗೆ ಬೆರಳು ಜಾರಿಸಿದರೆ ನನ್ನ ಕಥೆಯ ನಕ್ಷೆಯೇ ಕಣ್ಣಿಗೆ ಬೀಳುತ್ತದೆ.

ಬೇರೆ ಬೇರೆ ದೇಶದ ಗಡಿಯಾರವೂ ಅನುಕೂಲಕ್ಕೆ ಬಂತು. ನಾನು ಬೆಳಿಗ್ಗೆ ಏಳಕ್ಕೆ ಹಾಕಿದರೆ ಮೆಲ್ಬರ್ನ್‌ನಲ್ಲಿ ಆಗಲೇ ಮಧ್ಯಾಹ್ನದ ಹೊತ್ತು, ಅವರು ಊಟದ ಬಿಡುವಿನಲ್ಲಿ ಓದುತ್ತಾರೆ. ನ್ಯೂಜೆರ್ಸಿಯಲ್ಲಿ ರಾತ್ರಿ, ಮಕ್ಕಳು ಮಲಗಿದ ಮೇಲೆ ಅವರು ಓದುತ್ತಾರೆ. ನಾನು ಶಟರ್ ಎತ್ತುವಷ್ಟರಲ್ಲಿ ಎರಡು ಕೈ ಬಿದ್ದಿರುತ್ತವೆ. ಯಾವ ಕರಡನ್ನು ಮೊದಲು ಯಾರಿಗೆ ಓದಲು ಬಿಡಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಹೇಳಲ್ಲ, ನಮ್ಮ ಗುಂಪಿಗೂ ಹೇಳಿಲ್ಲ.

ಒಂದು ಉದಾಹರಣೆ ಬಿಡಿಸಿ ಹೇಳಲೇಬೇಕು. ರಾಣೆಬೆನ್ನೂರು ಕಡೆಯ ಒಂದು ಮನೆಯ ಕಥೆ ಬರೆದಿದ್ದೆ. ನನ್ನ ಹೆಂಡತಿಯ ತವರು ಆ ಕಡೆ. ಮಗ ಜಗಳವಾಡಿ ಮನೆ ಬಿಟ್ಟು ಹೋಗಿದ್ದಾನೆ. ತಂದೆ ಹಾಸಿಗೆ ಹಿಡಿದು ಒಳಕೋಣೆಯಲ್ಲಿ ಮಲಗಿದ್ದಾನೆ. ಮಗ ಹೋದದ್ದನ್ನು ಅವನಿಗೆ ಯಾರೂ ಹೇಳಿಲ್ಲ. ನನ್ನ ಮೂರನೇ ಪ್ಯಾರಾ ಹೀಗಿತ್ತು: "ಅಡುಗೆಮನೆಯಲ್ಲಿ ಅವಳು ರೊಟ್ಟಿ ತಟ್ಟುತ್ತಿದ್ದಳು. ಅವಳ ಮನಸ್ಸು ಭಾರವಾಗಿತ್ತು. ಮಗನ ನೆನಪಿನಲ್ಲಿ ಕಣ್ಣು ತುಂಬಿ ಬಂತು."

ಐದು ಜನ ಅಲ್ಲೇ ನಿಂತರು. ನಾನು ಭಾರವಾದ ಮನಸ್ಸಿನ ವಾಕ್ಯವನ್ನು ನಾಲ್ಕು ಸಲ ತಿದ್ದಿದೆ. ಮತ್ತೆ ನಿಂತರು. ಆಗ ಹುಬ್ಬಳ್ಳಿಯವಳು ಬರೆದಳು: "ನಮ್ಮ ಕಡೆ ಜ್ವಾಳದ ರೊಟ್ಟಿ ತಟ್ಟೂದಿಲ್ರಿ, ಬಡೀತಾರ." ಇಲ್ಲಿ ನಾವು ಅಕ್ಕಿರೊಟ್ಟಿ ತಟ್ಟುವವರು. ನನಗೆ ಆ ವ್ಯತ್ಯಾಸ ಹೊಳೆದೇ ಇರಲಿಲ್ಲ. ಮರುದಿನ ಅವಳು ತನ್ನ ತಾಯಿ ರೊಟ್ಟಿ ಬಡಿಯುವ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದಳು. ನಲವತ್ತು ಸೆಕೆಂಡ್ ಇದ್ದಿರಬೇಕು.

ಆ ಸದ್ದನ್ನು ಇಪ್ಪತ್ತು ಸಲವಾದರೂ ಕೇಳಿದ್ದೇನೆ. ಶುರುವಿನಲ್ಲಿ ಹಿಟ್ಟು ದಪ್ಪ ಇರುತ್ತೆ, ಸದ್ದೂ ದಪ್ಪ, ನಿಧಾನ. ರೊಟ್ಟಿ ತೆಳುವಾದಂತೆ ಬಡಿತ ಚುರುಕಾಗುತ್ತೆ, ಕೆಳಗಿನ ಹಲಗೆಯ ಸದ್ದು ಮೇಲೆ ಬರುತ್ತೆ. ಬಳೆ ಸದ್ದು ಜೊತೆಗೆ. ಆಮೇಲೆ ಎಲ್ಲಾ ಒಮ್ಮೆಗೇ ನಿಲ್ಲುತ್ತೆ. ಆ ನಿಶ್ಶಬ್ದದಲ್ಲಿ ರೊಟ್ಟಿ ಹಂಚಿನ ಮೇಲೆ ಹೋಗಿರುತ್ತೆ, ಮೇಲೆ ನೀರು ಸವರುತ್ತಿರುತ್ತಾರೆ. ಮತ್ತೆ ದಪ್ಪ ಸದ್ದು ಶುರು.

ಒಳಗೆ ಮಲಗಿದ ಮನುಷ್ಯ ಇದನ್ನು ಕೇಳುತ್ತಾನೆ ಅಲ್ವಾ? ದಿನಾ ಕೇಳುತ್ತಾನೆ. ಎಣಿಸುತ್ತಾನೆ ಕೂಡ. ಪ್ಯಾರಾ ಪೂರ್ತಿ ಕಿತ್ತು ಹೀಗೆ ಬರೆದೆ: "ಬಡಿತ ನಿಂತಿತು. ಏಳನೇ ರೊಟ್ಟಿ ಹಂಚಿಗೆ ಹೋಯಿತು. ಅವನು ಮುಂದಿನ ಬಡಿತಕ್ಕೆ ಕಾದ. ದಿನಾ ಹತ್ತಾಗುತ್ತಿತ್ತು. ಅವಳು ಕೈ ತೊಳೆಯುವ ಸದ್ದು ಕೇಳಿಸಿತು."

ಆ ರಾತ್ರಿ ಒಂದು ಕೈಯೂ ಬೀಳಲಿಲ್ಲ. ನಾಟಕದವನು ಮಾತ್ರ "ಅಪ್ಪನಿಗೆ ಗೊತ್ತಾಯ್ತು" ಅಂತ ಬರೆದ. ಈ ಕಥೆಗೇ ಮುಂದೆ ಒಂದು ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು, 5,000 ರೂಪಾಯಿ. ನನ್ನ ಜೀವನದಲ್ಲಿ ಬರವಣಿಗೆಯಿಂದ ಬಂದ ಮೊದಲ ದುಡ್ಡು. ಇಷ್ಟು ಒಳ್ಳೆಯ ಪ್ಯಾರಾ ನಾನು ಅದುವರೆಗೆ ಬರೆದಿರಲಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಅದು ಬಂದದ್ದು ಹುಬ್ಬಳ್ಳಿಯ ಒಬ್ಬ ತಾಯಿಯ ಕೈಯಿಂದ ಅಂತಲೂ ಹೇಳುತ್ತೇನೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆವು. ಒಂದು ಖಾಲಿ ಬಸ್‌ಸ್ಟ್ಯಾಂಡಿನ ಫೋಟೋ ಹಾಕಿ ಎಲ್ಲರೂ ಕಥೆ ಬರೆಯುವುದು ಅಂತಾಯಿತು. ಏಳು ಕಥೆ ಬಂತು, ಐದರಲ್ಲಿ ಒಂಟಿ ಮುದುಕ. ಮತ್ತೆ ಆ ಕಡೆ ಹೋಗಲಿಲ್ಲ. ತಿಂಗಳಿಗೊಂದು ಭಾನುವಾರ ಹೆಸರಿಲ್ಲದ ಓದು ಇಟ್ಟೆವು. ಎಲ್ಲರೂ ಚಿತ್ರದ ಗೆಳತಿಗೆ ಕಳಿಸುವುದು, ಅವಳು ಹೆಸರು ತೆಗೆದು ಹಾಕುವುದು. ಎರಡೇ ತಿಂಗಳಲ್ಲಿ ಯಾರ ಕಥೆ ಯಾವುದು ಅಂತ ಮೊದಲ ಸಾಲಿಗೇ ಗೊತ್ತಾಗತೊಡಗಿತು. ನನ್ನದು ಅಂತ ಹೇಗೆ ಗೊತ್ತಾಯಿತು ಅಂತ ಕೇಳಿದೆ. "ನಿಮ್ಮ ಕಥೆ ಯಾವಾಗಲೂ ಬೆಳಗಿನ ಜಾವ ಶುರುವಾಗುತ್ತೆ" ಅಂದರು. ಹೌದು, ಆ ಹೊತ್ತಿನಲ್ಲೇ ನಾನು ಬರೆಯುವುದು. ಆಮೇಲೆ ಮಧ್ಯಾಹ್ನದ ಕಥೆಗಳನ್ನು ಬೇಕಂತಲೇ ಬರೆದೆ.

ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡಿನ ಧ್ವನಿ ಟೈಪಿಂಗ್‌ನಲ್ಲಿ ಎರಡು ತಿಂಗಳು ಬರೆದು ನೋಡಿದೆ. ಅರ್ಧ ಗಂಟೆಗೆ 800 ಪದ ಬರುತ್ತಿತ್ತು. ಆದರೆ ನಾನು "ಬಡೀತಾರ" ಅಂದರೆ ಅದು ಬೇರೇನೋ ಬರೆಯುತ್ತಿತ್ತು. ಆಡುಮಾತನ್ನೆಲ್ಲಾ ಪುಸ್ತಕದ ಮಾತು ಮಾಡಿಬಿಡುತ್ತಿತ್ತು. ಬಿಟ್ಟೆ. ಅದಕ್ಕಿಂತ ಇನ್ನೊಬ್ಬರ ಕಥೆಯನ್ನು ಜೋರಾಗಿ ಓದಿ ವಾಯ್ಸ್ ನೋಟ್ ಕಳಿಸುವುದು ನೂರು ಪಾಲು ಉಪಯೋಗವಾಯಿತು. ಓದುವವರ ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ವಾಕ್ಯ ಉದ್ದವಾಗಿದೆ ಅಂತಲೇ ಲೆಕ್ಕ.

ಈಗ ದುಡ್ಡಿನ ವಿಷಯ. 2024ರ ಹೊತ್ತಿಗೆ ಹನ್ನೊಂದು ಕಥೆ ತಯಾರಿದ್ದವು. ಒಬ್ಬ ಪ್ರಕಾಶಕರು 45,000 ಕೇಳಿದರು, ನನಗೆ 50 ಪ್ರತಿ ಕೊಡುತ್ತೇನೆ ಅಂದರು. ಉಳಿದ ಪ್ರತಿ ಎಷ್ಟು ಅಚ್ಚಾಗುತ್ತೆ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ನಾನೇ ಮಾಡಿಸಿದೆ. ಮಾಮೂಲಿ ಕಥೆ ಪುಸ್ತಕದ ಅಳತೆ, ಅಂದರೆ ಡೆಮಿ 1/8, 144 ಪುಟ. ಪುಟ ವಿನ್ಯಾಸಕ್ಕೆ ಪುಟಕ್ಕೆ 25ರಂತೆ 3,600. ಕಾಗದ, ಅಚ್ಚು, ಬೈಂಡಿಂಗ್ ಸೇರಿ ಪ್ರತಿಗೆ 65ರ ಸುಮಾರು. ಐಎಸ್‌ಬಿಎನ್‌ಗೆ ಖರ್ಚಿಲ್ಲ. ಮುಖಪುಟ ಚಿತ್ರದ ಗೆಳತಿಯದು, ದುಡ್ಡು ಬೇಡ ಅಂದಳು. ಬಣ್ಣದ ಡಬ್ಬಿ ಮತ್ತು ಕಾಗದ ಕೊಡಿಸಿದೆ, 1,800 ಆಯಿತು. ಎಲ್ಲಾ ಸೇರಿ ಇಪ್ಪತ್ತೇಳು ಸಾವಿರದ ಒಳಗೆ ಮುಗಿಯಿತು.

ಅಚ್ಚಿಗೆ ಮುಂಚೆ ಒಂದು ಅನಾಹುತ ತಪ್ಪಿತು. ವಿನ್ಯಾಸ ಮಾಡಿದವರು ಮೊಬೈಲಿನಲ್ಲಿ ಬಳಸುವ ಯೂನಿಕೋಡ್ ಅಕ್ಷರದ ಕಡತವನ್ನು ಹಳೆಯ ನುಡಿ ತಂತ್ರಾಂಶದ ಅಕ್ಷರಕ್ಕೆ ಬದಲಿಸಿದ್ದರು. ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರವೊಂದು ಹಾರಿಹೋಗಿ "ಹಾರ್ಡ್‌ವೇರ್" ಎಲ್ಲಾ "ಹಾರ್ಡ್ವೇರ್" ಆಗಿತ್ತು. ಎಷ್ಟೋ ಕಡೆ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಕೂತಿತ್ತು. 144 ಪುಟ ಅಂದರೆ 16 ಪುಟದ ಒಂಬತ್ತು ಫಾರಂ. ನಾವು ಒಂಬತ್ತು ಜನ. ಒಬ್ಬೊಬ್ಬರು ಒಂದೊಂದು ಫಾರಂ ಹಿಡಿದು ಕೂತೆವು, ಆಮೇಲೆ ಅದಲು ಬದಲು ಮಾಡಿದೆವು. ಐದು ದಿನದಲ್ಲಿ 300ಕ್ಕೂ ಜಾಸ್ತಿ ತಪ್ಪು ಸಿಕ್ಕಿತು. ಹೊರಗೆ ಕೊಟ್ಟಿದ್ದರೆ ಕರಡು ತಿದ್ದಲು ಎರಡು ಮೂರು ಸಾವಿರ ಆಗುತ್ತಿತ್ತು, ಇಷ್ಟು ಪ್ರೀತಿಯಿಂದ ಯಾರೂ ನೋಡುತ್ತಿರಲಿಲ್ಲ.

ಮಾರಾಟದಲ್ಲಿ ಪೆಟ್ಟು ಬಿದ್ದದ್ದು ಅಂಚೆಯಲ್ಲಿ. ಬೆಲೆ 160 ಇಟ್ಟಿದ್ದೆ. ಮುಂಗಡ ಕೊಟ್ಟವರು ಎಂಬತ್ತು ಜನ, ಅಂಚೆ ಖರ್ಚು ನನ್ನದು ಅಂತ ಮಾತು ಕೊಟ್ಟಿದ್ದೆ. 2024ರ ಡಿಸೆಂಬರ್ 18ಕ್ಕೆ, ಪುಸ್ತಕಗಳನ್ನು ಕಡಿಮೆ ದರದಲ್ಲಿ ಕಳಿಸುವ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತುಹೋಯಿತು. ನನ್ನ ಕಟ್ಟುಗಳಲ್ಲಿ ಅರ್ಧ ಇನ್ನೂ ಮನೆಯಲ್ಲೇ ಇದ್ದವು. ಪ್ರತಿ ಕಟ್ಟಿಗೂ ಹೆಚ್ಚುಕಡಿಮೆ ದುಪ್ಪಟ್ಟು ಕೊಟ್ಟೆ. ಎರಡೇ ದಿನಕ್ಕೆ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ಇತ್ತು. ಪರಿಚಯದ ಮಳಿಗೆಯೊಂದರಲ್ಲಿ 70 ಪ್ರತಿ ಇಟ್ಟೆವು. ಮೂರು ದಿನದಲ್ಲಿ 58 ಹೋಯಿತು. ಕಮಿಷನ್ ಕಾಲು ಭಾಗ. ಗುಂಪಿನವರು ನಾಲ್ಕು ಜನ ಬಂದಿದ್ದರು. ಮೂರೂವರೆ ವರ್ಷ ದಿನಾ ಮಾತಾಡಿ ಮುಖ ನೋಡಿದ್ದು ಅದೇ ಮೊದಲು. ಹುಬ್ಬಳ್ಳಿಯವಳು ತಾಯಿಯ ಕೈಯ ಖಡಕ್ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಎಣಿಸಿ ಹತ್ತು.

2025ರ ಮೇ 1ರಿಂದ ಪುಸ್ತಕಗಳಿಗಾಗಿ ಅಂಚೆ ಇಲಾಖೆಯ ಜ್ಞಾನ್ ಪೋಸ್ಟ್ ಬಂದ ಮೇಲೆ ಉಳಿದ ಪ್ರತಿಗಳಿಗೆ ಅಷ್ಟು ತೊಂದರೆ ಆಗಲಿಲ್ಲ. ನನ್ನ ಪುಸ್ತಕ 300 ಗ್ರಾಂ ಒಳಗೆ ಇರುವುದರಿಂದ 20 ರೂಪಾಯಿಯ ಮೊದಲ ದರದಲ್ಲೇ ಹೋಗುತ್ತೆ, ತೆರಿಗೆ ಬೇರೆ. ಗೌರವ ಪ್ರತಿ, ಕಮಿಷನ್, ಅಂಚೆ ಎಲ್ಲಾ ಕಳೆದು ಕೈಗೆ ಆರು ಸಾವಿರದಷ್ಟು ಉಳಿಯಿತು.

ಆ ಹಿರಿಯರ ಮಗನನ್ನು ಯಾಕೆ ಸೇರಿಸಿಕೊಳ್ಳಲಿಲ್ಲ ಅಂದರೆ, 2023ರಲ್ಲಿ ಒಮ್ಮೆ ಇಪ್ಪತ್ತು ಜನರಾಗಿದ್ದೆವು. ಬಂದವರೆಲ್ಲಾ ಒಳ್ಳೆಯವರೇ. ಆದರೆ ಇಪ್ಪತ್ತು ಜನ ಇದ್ದಾಗ ನಾನು ಓದದಿದ್ದರೂ ಇನ್ನೊಬ್ಬರು ಓದುತ್ತಾರೆ ಬಿಡು ಅನ್ನಿಸುತ್ತೆ. ಎರಡು ತಿಂಗಳಲ್ಲಿ ಓದು ನಿಂತೇ ಹೋಯಿತು, ಮತ್ತೆ ಚಪ್ಪಾಳೆ ಶುರುವಾಯಿತು. ಹೊಸಬರಿಗೆ ಹೇಳಿ, ಅವರದ್ದೇ ಬೇರೆ ಗುಂಪು ಮಾಡಿಸಿಕೊಟ್ಟೆವು. ಅದರಲ್ಲಿ ಈಗ ಎಂಟು ಜನ ಚೆನ್ನಾಗಿ ನಡೆಸುತ್ತಿದ್ದಾರೆ. ಆ ಹುಡುಗನಿಗೂ ಅಲ್ಲಿ ಜಾಗ ಇದೆ ಅಂತ ಹೇಳಿ ಕಳಿಸಿದೆ. ಕರಡು ಹೊರಗೆ ಹೋದರೆ ಯಾರ ಕೈಯಿಂದ ಹೋಯಿತು ಅಂತ ತಿಳಿಯಲು ನಾವು ಇಡುವ ಗುರುತನ್ನೂ ಅವರಿಗೆ ಕಲಿಸಿದ್ದೇವೆ. ಇಲ್ಲಿ ಬರೆದರೆ ಅದು ಗುರುತಾಗಿ ಉಳಿಯಲ್ಲ.

ಎರಡನೇ ಮುದ್ರಣ 200 ಪ್ರತಿ. ಈ ಸಲ ಕಡತವನ್ನು ಯೂನಿಕೋಡ್‌ನಲ್ಲೇ ಇಟ್ಟು ವಿನ್ಯಾಸ ಮಾಡುವವರನ್ನು ಹುಡುಕಿದೆ, ಪುಟಕ್ಕೆ ಐದು ರೂಪಾಯಿ ಜಾಸ್ತಿ. ಮೊನ್ನೆ ಕರಡು ಬಂತು. ಮೂರನೇ ಫಾರಂ ಕುಂದಾಪುರದವರ ಹತ್ತಿರ ಇದೆ, ಅವರ ಮನೆಯಲ್ಲಿ ಮದುವೆ ಇರುವುದರಿಂದ ಸೋಮವಾರದವರೆಗೆ ಕಾಯಬೇಕು. ಅಷ್ಟರಲ್ಲಿ ಮೆಲ್ಬರ್ನ್‌ನವರು ಹದಿನಾಲ್ಕು ಪ್ಯಾರಾ ಹಾಕಿದ್ದಾರೆ. ನಾನು ಆರನೆಯದರಲ್ಲಿ ನಿಂತಿದ್ದೇನೆ.