ಇ-ಸಂಪನ್ಮೂಲಗಳ ಪರವಾನಗಿ: ಸಹಿಗೆ ಮುನ್ನ ಗ್ರಂಥಪಾಲಕರು ಮಾಡಬೇಕಾದ ಕೆಲಸ

ಮುದ್ರಿತ ನಿಯತಕಾಲಿಕದ ಚಂದಾ ನಿಲ್ಲಿಸಿದರೂ ಅದುವರೆಗೆ ಬಂದ ಸಂಚಿಕೆಗಳು ಗ್ರಂಥಾಲಯದ ಕಪಾಟಿನಲ್ಲೇ ಉಳಿಯುತ್ತವೆ. ಅವನ್ನು ಯಾರು ಓದಬಹುದು, ಬೇರೆ ಗ್ರಂಥಾಲಯಕ್ಕೆ ಎರವಲು ಕೊಡಬಹುದೇ ಎಂದು ಪ್ರಕಾಶಕರನ್ನು ಕೇಳುವ ಪ್ರಮೇಯವೇ ಬರುವುದಿಲ್ಲ. ಅದೇ ನಿಯತಕಾಲಿಕವನ್ನು ವಿದ್ಯುನ್ಮಾನ ರೂಪದಲ್ಲಿ ತರಿಸಿಕೊಂಡಾಗ ಈ ಪ್ರಶ್ನೆಗಳಿಗೆಲ್ಲ ಉತ್ತರ ಹೇಳುವುದು ಪರವಾನಗಿ ಒಪ್ಪಂದ. ಹೀಗಿದ್ದರೂ ಹಲವು ಶಿಕ್ಷಣ ಸಂಸ್ಥೆಗಳಲ್ಲಿ ಮಾತುಕತೆಯೆಂದರೆ ಬೆಲೆಯ ಚೌಕಾಸಿ ಎಂದೇ ಭಾವಿಸಲಾಗುತ್ತದೆ. ಒಂದಿಷ್ಟು ರಿಯಾಯಿತಿ ಸಿಕ್ಕ ಸಮಾಧಾನದಲ್ಲಿ, ಪ್ರಕಾಶಕರೇ ಬರೆದು ತಂದ ಕರಡಿಗೆ ಸಹಿ ಬೀಳುತ್ತದೆ. ಬೆಲೆಯನ್ನು ಮುಂದಿನ ನವೀಕರಣದಲ್ಲಿ ಮತ್ತೆ ಮಾತನಾಡಬಹುದು. ಕೆಲವು ಷರತ್ತುಗಳು ಮಾತ್ರ ಚಂದಾ ಮುಗಿದ ಮೇಲೂ ಸಂಸ್ಥೆಯನ್ನು ಬಿಡುವುದಿಲ್ಲ.

ಹಳೆಯ ಒಪ್ಪಂದದಿಂದ ಆರಂಭಿಸಿ

ನಿಯತಕಾಲಿಕಗಳ ಚಂದಾ ಸಾಮಾನ್ಯವಾಗಿ ಜನವರಿಯಿಂದ ಡಿಸೆಂಬರ್‌ವರೆಗೆ ಇರುವುದರಿಂದ, ಅದು ಮುಗಿಯುವುದಕ್ಕೆ ಕನಿಷ್ಠ 6ರಿಂದ 8 ತಿಂಗಳ ಮೊದಲೇ ಸಿದ್ಧತೆ ತೊಡಗಬೇಕು. ಮೊದಲ ಕೆಲಸ ಈಗ ಜಾರಿಯಲ್ಲಿರುವ ಒಪ್ಪಂದವನ್ನು ಪೂರ್ತಿ ಓದುವುದು. ನಿಗದಿತ ದಿನದೊಳಗೆ ಲಿಖಿತ ಸೂಚನೆ ಕೊಡದಿದ್ದರೆ ಚಂದಾ ತಾನಾಗಿಯೇ ನವೀಕರಣಗೊಳ್ಳುತ್ತದೆ ಎಂಬ ಷರತ್ತು ಅದರಲ್ಲಿದ್ದರೆ, ಆ ದಿನಾಂಕವೇ ನಿಜವಾದ ಗಡುವು. ಅದು ದಾಟಿದ ಮೇಲೆ ಮಾತುಕತೆಗೆ ಕುಳಿತರೂ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಬಳಕೆಯ ಲೆಕ್ಕ

ಎರಡನೆಯ ಕೆಲಸ ಅಂಕಿಅಂಶ. ಪ್ರಕಾಶಕರು ಕೊಡುವ ಬಳಕೆಯ ವರದಿಗಳನ್ನು ಒಂದೇ ಅಳತೆಗೆ ತರಲು ಕೌಂಟರ್ ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ 5ನೇ ಆವೃತ್ತಿ 2019ರಲ್ಲೂ, 5.1ನೇ ಆವೃತ್ತಿ 2025ರಲ್ಲೂ ಜಾರಿಗೆ ಬಂದವು. ಒಬ್ಬ ಓದುಗ ಒಂದು ಲೇಖನವನ್ನು ಮೊದಲು ವೆಬ್ ಪುಟವಾಗಿ ತೆರೆದು, ಆಮೇಲೆ ಅದರ ಪಿಡಿಎಫ್ ಇಳಿಸಿಕೊಂಡರೆ ‘ಒಟ್ಟು’ ಬಳಕೆಯಲ್ಲಿ ಅದು ಎರಡಾಗಿಯೂ ‘ಅನನ್ಯ’ ಬಳಕೆಯಲ್ಲಿ ಒಂದಾಗಿಯೂ ದಾಖಲಾಗುತ್ತದೆ. ಆದ್ದರಿಂದ ಪ್ರತಿ ಬಳಕೆಗೆ ತಗಲುವ ವೆಚ್ಚವನ್ನು ಅನನ್ಯ ಬಳಕೆಯ ಸಂಖ್ಯೆಯಿಂದಲೇ ಲೆಕ್ಕ ಹಾಕುವುದು ಲೇಸು. ಚಂದಾ ಇಲ್ಲದೆಯೂ ಯಾರು ಬೇಕಾದರೂ ಓದಬಹುದಾದ ಮುಕ್ತ ಪ್ರವೇಶದ ಲೇಖನಗಳನ್ನು ಈ ಲೆಕ್ಕದಿಂದ ಹೊರಗಿಡಬೇಕು. ಉಚಿತವಾಗಿ ಸಿಗುವುದನ್ನು ತೋರಿಸಿ ಹಣ ಕೇಳುವುದಕ್ಕೆ ಅವಕಾಶ ಕೊಡಬಾರದು. ಪರವಾನಗಿ ಇಲ್ಲವೆಂದು ಪ್ರವೇಶ ನಿರಾಕರಿಸಲಾದ ಪ್ರಯತ್ನಗಳ ವರದಿಯೂ ಸಿಗುತ್ತದೆ. ಓದುಗರಿಗೆ ಬೇಕಾಗಿದ್ದು ಗ್ರಂಥಾಲಯ ತರಿಸದಿರುವುದು ಯಾವುದೆಂದು ಅದರಿಂದ ತಿಳಿಯುತ್ತದೆ.

ಆದರೆ ಸಂಖ್ಯೆಯೊಂದನ್ನೇ ನಂಬಿ ಕತ್ತರಿ ಆಡಿಸುವುದು ಸರಿಯಲ್ಲ. ಮೂವರೇ ಸಂಶೋಧಕರಿರುವ ಗಣಿತ ವಿಭಾಗದ ಬಳಕೆಯನ್ನು ವೈದ್ಯಕೀಯ ವಿಭಾಗದ ಬಳಕೆಯೊಡನೆ ಹೋಲಿಸಿ ತೀರ್ಮಾನಕ್ಕೆ ಬರುವಂತಿಲ್ಲ. ಪಟ್ಟಿಯನ್ನು ಅಧ್ಯಾಪಕರ ಮುಂದಿಟ್ಟು, ಯಾವುದು ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಎಂದು ಅವರಿಂದಲೇ ಬರೆಸಿಕೊಳ್ಳಬೇಕು.

ಬೇಡವೆನ್ನುವ ಶಕ್ತಿ

ಚಂದಾ ಬಿಟ್ಟರೆ ಮುಂದೇನು ಎಂಬುದಕ್ಕೆ ಉತ್ತರವಿಲ್ಲದ ಗ್ರಂಥಾಲಯ ಚೌಕಾಸಿ ಮಾಡಲಾರದು. ಸ್ವೀಡನ್ನಿನ ಸಂಸ್ಥೆಗಳ ಪರವಾಗಿ ಒಟ್ಟಾಗಿ ಮಾತುಕತೆ ನಡೆಸುವ ಬಿಬ್ಸಾಮ್ ಒಕ್ಕೂಟ 2018ರಲ್ಲಿ ಎಲ್ಸೆವಿಯರ್ ಎಂಬ ಪ್ರಕಾಶನ ಸಂಸ್ಥೆಯ ಜೊತೆಗಿನ ಒಪ್ಪಂದವನ್ನು ಕೈಬಿಟ್ಟಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2019ರಲ್ಲಿ ಅದೇ ದಾರಿ ಹಿಡಿದು, 2021ರಲ್ಲಿ ಹೊಸ ಒಪ್ಪಂದಕ್ಕೆ ಬಂತು. ಸ್ಟೇಟ್ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್ 2020ರಲ್ಲಿ ಎಲ್ಸೆವಿಯರ್‌ನ ನಿಯತಕಾಲಿಕಗಳನ್ನು ಒಟ್ಟಿಗೇ ಒಂದು ಕಟ್ಟಾಗಿ ಕೊಳ್ಳುವುದನ್ನು ನಿಲ್ಲಿಸಿ 248 ಶೀರ್ಷಿಕೆಗಳನ್ನಷ್ಟೇ ಉಳಿಸಿಕೊಂಡಿತು. ಇಂಥ ನಿರ್ಧಾರ ಕೈಗೊಳ್ಳಬೇಕಾದರೆ ಅಂತರ-ಗ್ರಂಥಾಲಯ ಎರವಲು, ಲೇಖಕರು ತಾವೇ ಸಂಸ್ಥೆಯ ಭಂಡಾರದಲ್ಲಿ ಇರಿಸಿದ ಪ್ರತಿ, ಹಿಂದಿನ ವರ್ಷಗಳ ಸಂಚಿಕೆಗಳ ಮೇಲೆ ಈಗಾಗಲೇ ಇರುವ ಹಕ್ಕು ಇವೆಲ್ಲದರಿಂದ ಎಷ್ಟು ಬೇಡಿಕೆ ಪೂರೈಸಬಹುದೆಂದು ಮೊದಲೇ ಎಣಿಸಿಟ್ಟುಕೊಂಡಿರಬೇಕು. ಸಣ್ಣ ಗ್ರಂಥಾಲಯ ಒಂಟಿಯಾಗಿ ಹೋಗುವುದಕ್ಕಿಂತ ಒಕ್ಕೂಟದ ಮೂಲಕ ಹೋಗುವುದೇ ಮೇಲು.

ಆಡಳಿತದ ಒಪ್ಪಿಗೆಯೂ ಮೊದಲೇ ಸಿಕ್ಕಿರಬೇಕು. ಗ್ರಂಥಪಾಲಕರು ಬಿಗಿಯಾಗಿ ನಿಂತಾಗ ಅವರನ್ನು ಬದಿಗಿಟ್ಟು ನೇರವಾಗಿ ಕುಲಪತಿಗಳ ಕೊಠಡಿಗೆ ಹೋಗುವುದು ಮಾರಾಟ ಪ್ರತಿನಿಧಿಗಳಿಗೆ ಹೊಸ ವಿದ್ಯೆಯೇನಲ್ಲ. ಸಂಸ್ಥೆಯ ಪರವಾಗಿ ಮಾತನಾಡುವವರು ಯಾರು ಎಂಬುದನ್ನು ಮೇಲಿನವರಿಂದಲೇ ಲಿಖಿತವಾಗಿ ತಿಳಿಸಿಬಿಟ್ಟರೆ ಆ ದಾರಿ ಮುಚ್ಚುತ್ತದೆ.

ಷರತ್ತುಗಳ ಓದು

ಪ್ರಕಾಶಕರ ಕರಡನ್ನು ತಿದ್ದುತ್ತ ಕೂರುವ ಬದಲು ಸಂಸ್ಥೆಯದ್ದೇ ಒಂದು ಮಾದರಿ ಇರಬೇಕು. 1990ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಆರಂಭವಾದ ಲಿಬ್‌ಲೈಸೆನ್ಸ್ ಯೋಜನೆಯ ಮಾದರಿ ಪರವಾನಗಿ ಇದಕ್ಕೆ ಒಳ್ಳೆಯ ಆಧಾರ. ಸಣ್ಣ ಪ್ರಕಾಶಕರೊಡನೆ ವ್ಯವಹರಿಸುವಾಗ ಪರವಾನಗಿಯೇ ಬೇಡವೆಂದು ಇಬ್ಬರೂ ಒಪ್ಪಿ, ಅಮೆರಿಕದ ಮಾಹಿತಿ ಮಾನಕಗಳ ಸಂಸ್ಥೆ ನೈಸೊ 2008ರಲ್ಲಿ ಪ್ರಕಟಿಸಿದ ‘ಸೆರು’ ಎಂಬ, ಎರಡೂ ಕಡೆಯವರು ಒಪ್ಪಿಕೊಳ್ಳುವ ತಿಳಿವಳಿಕೆಯ ದಾಖಲೆಯ ಮೇಲೆ ಮುಂದುವರಿಯುವುದಕ್ಕೂ ಅವಕಾಶವಿದೆ.

ಮೊದಲು ನೋಡಬೇಕಾದದ್ದು ‘ಅಧಿಕೃತ ಬಳಕೆದಾರ’ರ ವ್ಯಾಖ್ಯೆ. ಅರೆಕಾಲಿಕ ಅಧ್ಯಾಪಕರು, ದೂರಶಿಕ್ಷಣದ ವಿದ್ಯಾರ್ಥಿಗಳು, ಅತಿಥಿ ಸಂಶೋಧಕರು, ಗ್ರಂಥಾಲಯಕ್ಕೆ ಬಂದು ಅಲ್ಲಿಯೇ ಓದಿಹೋಗುವ ಹೊರಗಿನವರು ಇವರೆಲ್ಲ ಅದರಲ್ಲಿ ಇದ್ದಾರೆಯೇ? ‘ಒಂದೇ ಆವರಣ’ ಎಂಬ ಮಾತು ಎಲ್ಲೋ ಒಂದು ಕಡೆ ಅಡಗಿದ್ದರೆ, ಎರಡನೆಯ ಆವರಣಕ್ಕೆ ಬೇರೆ ಬಿಲ್ ಬರುವುದು ಖಚಿತ. ಮನೆಯಿಂದ ಲಾಗಿನ್ ಆಗಿ ಓದುವ ಹಕ್ಕನ್ನೂ ಸ್ಪಷ್ಟವಾಗಿ ಬರೆಸಬೇಕು.

ಬಳಕೆಯ ಹಕ್ಕುಗಳ ಪೈಕಿ ಅಂತರ-ಗ್ರಂಥಾಲಯ ಎರವಲು ಮತ್ತು ಪಠ್ಯ-ದತ್ತಾಂಶ ಗಣಿಗಾರಿಕೆ (ಲೇಖನಗಳ ದೊಡ್ಡ ರಾಶಿಯನ್ನು ಕಂಪ್ಯೂಟರ್‌ನಿಂದ ವಿಶ್ಲೇಷಿಸುವುದು) ಮುಖ್ಯವಾದವು. ಬ್ರಿಟನ್‌ನಲ್ಲಿ 2014ರಿಂದ, ವಾಣಿಜ್ಯೇತರ ಸಂಶೋಧನೆಗಾಗಿ ನಡೆಸುವ ಗಣಿಗಾರಿಕೆಯನ್ನು ಒಪ್ಪಂದದ ಮೂಲಕ ತಡೆಯುವಂತಿಲ್ಲ. ಐರೋಪ್ಯ ಒಕ್ಕೂಟದ 2019ರ ಕೃತಿಸ್ವಾಮ್ಯ ನಿರ್ದೇಶನವೂ ಸಂಶೋಧನಾ ಸಂಸ್ಥೆಗಳಿಗೆ ಇಂಥದೇ ರಕ್ಷಣೆ ಕೊಡುತ್ತದೆ. ಉಳಿದೆಡೆ ಈ ಹಕ್ಕನ್ನು ಒಪ್ಪಂದದಲ್ಲೇ ಪಡೆದುಕೊಳ್ಳಬೇಕಾಗಬಹುದು. ಇತ್ತೀಚಿನ ಕರಡುಗಳಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಯನ್ನೇ ಒಟ್ಟಾರೆ ನಿಷೇಧಿಸುವ ಸಾಲುಗಳು ಕಾಣಿಸಿಕೊಳ್ಳುತ್ತಿವೆ. ಅವನ್ನು ಹಾಗೆಯೇ ಒಪ್ಪಿದರೆ ಸಂಶೋಧಕರು ನಿತ್ಯ ಬಳಸುವ ವಿಶ್ಲೇಷಣಾ ತಂತ್ರಾಂಶವೂ ನಿಷೇಧಕ್ಕೆ ಒಳಪಡಬಹುದು. ಸಾರ್ವಜನಿಕರಿಗೆ ತೆರೆದ ಕೃತಕ ಬುದ್ಧಿಮತ್ತೆ ಮಾದರಿಗಳ ತರಬೇತಿಗೆ ಲೇಖನಗಳನ್ನು ಕೊಡಬಾರದು ಎಂಬಷ್ಟಕ್ಕೆ ನಿರ್ಬಂಧವನ್ನು ಸೀಮಿತಗೊಳಿಸಲು ಕೇಳಬೇಕು.

ನನ್ನ ಅಭಿಪ್ರಾಯದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಚಂದಾ ನಿಂತ ಮೇಲಿನ ಪ್ರವೇಶದ ಷರತ್ತಿಗೆ. ‘ಶಾಶ್ವತ ಪ್ರವೇಶ’ ಎಂದು ಬರೆದರೆ ಸಾಲದು. ಯಾವ ವರ್ಷಗಳ ಸಂಚಿಕೆಗಳಿಗೆ, ಯಾವ ತಾಣದಲ್ಲಿ, ವಾರ್ಷಿಕ ಶುಲ್ಕ ಕೊಟ್ಟೋ ಕೊಡದೆಯೋ ಎಂಬುದನ್ನು ಬಿಡಿಸಿ ಬರೆಸಬೇಕು. ಪ್ರಕಾಶನ ಸಂಸ್ಥೆಯೇ ಮುಚ್ಚಿಹೋದರೆ ಪೋರ್ಟಿಕೊ, ಲಾಕ್ಸ್ ಅಥವಾ ಕ್ಲಾಕ್ಸ್‌ನಂಥ ಸಂರಕ್ಷಣಾ ವ್ಯವಸ್ಥೆಯಲ್ಲಿ ಪ್ರತಿ ಉಳಿದಿರುತ್ತದೆಯೇ, ನಿಯತಕಾಲಿಕ ಬೇರೆ ಪ್ರಕಾಶಕರ ಕೈಸೇರಿದರೆ ಹಕ್ಕು ಅದರೊಡನೆ ಹೋಗುತ್ತದೆಯೇ ಎಂಬುದೂ ಅಲ್ಲಿಯೇ ಇತ್ಯರ್ಥವಾಗಬೇಕು.

ಒಬ್ಬ ವಿದ್ಯಾರ್ಥಿ ಮಿತಿಮೀರಿ ಡೌನ್‌ಲೋಡ್ ಮಾಡಿದನೆಂದು ಇಡೀ ಸಂಸ್ಥೆಯ ಪ್ರವೇಶವನ್ನು ಸೂಚನೆಯಿಲ್ಲದೆ ಕಡಿದುಹಾಕುವ ಅಧಿಕಾರವನ್ನು ಪ್ರಕಾಶಕರಿಗೆ ಕೊಡಬಾರದು. ನಿಯಮಗಳನ್ನು ಬಳಕೆದಾರರಿಗೆ ತಿಳಿಸಲು ಗ್ರಂಥಾಲಯ ಯುಕ್ತ ಪ್ರಯತ್ನ ಮಾಡುತ್ತದೆ ಎಂಬುದಕ್ಕಿಂತ ಹೆಚ್ಚಿನ ಹೊಣೆ ಹೊರುವುದು ಬೇಡ. ಬೆಲೆಯನ್ನು ಗೌಪ್ಯವಾಗಿಡಬೇಕೆಂಬ ಷರತ್ತಿನಿಂದ ಲಾಭವಾಗುವುದು ಮಾರುವವರಿಗಷ್ಟೇ, ಅದನ್ನು ತೆಗೆಸುವುದೇ ಸರಿ. ವ್ಯಾಜ್ಯ ಬಂದರೆ ಯಾವ ಊರಿನ ನ್ಯಾಯಾಲಯ ಎಂಬ ನ್ಯಾಯವ್ಯಾಪ್ತಿಯ ಬಗ್ಗೆ ಎರಡೂ ಕಡೆ ಪಟ್ಟು ಹಿಡಿದರೆ ಆ ವಿಷಯವನ್ನು ಬರೆಯದೆ ಬಿಡುವುದು ರೂಢಿಯಲ್ಲಿರುವ ರಾಜಿ.

ಮಾತಿಗೆ ಕುಳಿತಾಗ

ಬೇಡಿಕೆಗಳನ್ನು ಬಿಟ್ಟುಕೊಡಲಾಗದವು, ಸಿಕ್ಕರೆ ಒಳ್ಳೆಯದಾದವು, ಬಿಟ್ಟುಕೊಡಬಹುದಾದವು ಎಂದು ಮೊದಲೇ ವಿಂಗಡಿಸಿಟ್ಟುಕೊಳ್ಳಿ. ಬಜೆಟ್ಟಿನ ಮೊತ್ತವನ್ನು ಹೇಳಬೇಡಿ. ಹೇಳಿದರೆ ಬೆಲೆ ಅಲ್ಲಿಗೇ ಬಂದು ನಿಲ್ಲುತ್ತದೆ. ಬಹುವರ್ಷದ ಒಪ್ಪಂದಕ್ಕೆ ಒಪ್ಪುವುದು, ಹಣವನ್ನು ಬೇಗ ಪಾವತಿಸುವುದು ಪ್ರಕಾಶಕರಿಗೆ ಪ್ರಿಯವಾದ ಸಂಗತಿಗಳಾದ್ದರಿಂದ, ಅವನ್ನು ವಾರ್ಷಿಕ ಏರಿಕೆಯ ಮಿತಿಗೂ ಅನುದಾನ ಕಡಿತವಾದರೆ ಹೊರಬರುವ ಅವಕಾಶಕ್ಕೂ ಬದಲಾಗಿ ಕೊಡಬಹುದು. ‘ಇದು ನಮ್ಮ ಸಿದ್ಧ ಒಪ್ಪಂದ, ಬದಲಿಸಲಾಗದು’ ಎಂದು ಪ್ರತಿನಿಧಿ ಹೇಳಿದರೆ, ಬದಲಿಸುವ ಅಧಿಕಾರ ಬಹುಶಃ ಅವರಿಗಿಲ್ಲ ಎಂದಷ್ಟೇ ಅದರ ಅರ್ಥ. ತಿದ್ದುಪಡಿಗಳನ್ನು ಅವರ ಕಾನೂನು ವಿಭಾಗಕ್ಕೆ ಕಳುಹಿಸುವಂತೆ ಕೋರಬೇಕು. ಬಾಯಿಮಾತಿನ ಭರವಸೆ ಯಾವುದೇ ಇರಲಿ, ಒಪ್ಪಂದದಲ್ಲಿ ಅಥವಾ ಅದರ ಅನುಬಂಧದಲ್ಲಿ ಸೇರುವವರೆಗೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಸಹಿಯಾದ ಮೇಲೆ ಎರಡೂ ಕಡೆಯವರು ಸಹಿ ಮಾಡಿದ ಪ್ರತಿಯನ್ನು ಪಡೆದು, ನವೀಕರಣದ ಸೂಚನೆ ಕೊಡಬೇಕಾದ ದಿನಾಂಕವನ್ನೂ ಎರವಲಿನ ನಿಯಮವನ್ನೂ ಸಿಬ್ಬಂದಿಗೆ ಕಾಣುವಂತೆ ದಾಖಲಿಸಬೇಕು. ಕೊಂಡ ಪ್ರತಿಯೊಂದು ಶೀರ್ಷಿಕೆಯೂ ಆವರಣದ ಒಳಗಿನಿಂದ ಮತ್ತು ಹೊರಗಿನಿಂದ ತೆರೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸಬೇಕು. ಶಾಶ್ವತ ಹಕ್ಕಿರುವ ಶೀರ್ಷಿಕೆಗಳ ಮತ್ತು ವರ್ಷಗಳ ಪಟ್ಟಿಯನ್ನು ಪ್ರತಿವರ್ಷ ಪ್ರಕಾಶಕರಿಂದ ಲಿಖಿತವಾಗಿ ತರಿಸಿ ಕಡತದಲ್ಲಿ ಇರಿಸಬೇಕು. ಮುಂದೊಂದು ದಿನ ಚಂದಾ ನಿಂತು ತಕರಾರು ಬಂದಾಗ, ಹಕ್ಕನ್ನು ಸಾಬೀತುಪಡಿಸಬೇಕಾದವರು ಸಾಮಾನ್ಯವಾಗಿ ಗ್ರಂಥಪಾಲಕರೇ.