‘ರಿಪ್ ಆಫ್’ ಬಾಯಿಗೆ ಹತ್ತಿಸಿದ ಬಗೆ

ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಬೆರೆಸಿದರೆ ಬ್ಯಾಚು ಕೆಡುತ್ತದೆ ಅಂತ ವಿಜಯನಗರದ ಕಡೆ ಪಾಠ ಹೇಳುವ ನಮ್ಮವರೇ ನಕ್ಕಿದ್ದರು. ಮೋಸದಿಂದ ಹೆಚ್ಚು ದುಡ್ಡು ಕೀಳು ಅನ್ನುವ ‘ರಿಪ್ ಆಫ್’ ಮಟ್ಟಿಗೆ ಕೆಲಸ ಮಾಡಿದ್ದು ಕನ್ನಡವೇ. ಯಾವ ಕನ್ನಡ ಅನ್ನುವುದರಲ್ಲಿದೆ ವಿಷಯ.

‘ನಾಮ ಹಾಕು’, ‘ಟೋಪಿ ಹಾಕು’ ಅಂದರೆ ಅರ್ಥವೇನೋ ತಕ್ಷಣ ಹತ್ತುತ್ತದೆ, ಆದರೆ ವಾಕ್ಯ ಹಾಳಾಗುತ್ತದೆ. ‘ನನಗೆ’ಯ ‘ಗೆ’ ಬೆನ್ನು ಹತ್ತಿ ‘ರಿಪ್ಟ್ ಆಫ್ ಟು ಮೀ’ ಅಂತ ಬಂದೇ ಬರುತ್ತದೆ. ‘ಸುಲಿದ’ ಕೊಟ್ಟರೆ ಬೇರೆ ಪೇಚು. ‘ನನ್ನ ಹತ್ರ ಇನ್ನೂರು ಸುಲಿದ’ ಅಂದುಕೊಂಡು ದುಡ್ಡನ್ನೇ ಕರ್ಮಪದ ಮಾಡುತ್ತಾರೆ. ಆಗ ಇಂಗ್ಲಿಷಿನಲ್ಲಿ ‘ಕದ್ದ’ ಅಂತಾಗುತ್ತದೆ. ‘ಬೋಳಿಸು’ ಕೊಟ್ಟ ಮೇಲೆ ದಾರಿಗೆ ಬಂತು. ‘ನನ್ನನ್ನ ಬೋಳಿಸಿದ’ ಅಂದರೆ ಬೋಳಾದದ್ದು ಮನುಷ್ಯ. ‘ಹೀ ರಿಪ್ಟ್ ಮೀ ಆಫ್’ ತಾನಾಗಿ ಹೊರಡುತ್ತದೆ. ಮೀ, ಹಿಮ್, ದೆಮ್ ಥರದ್ದು ‘ರಿಪ್ಟ್’ಗೂ ‘ಆಫ್’ಗೂ ನಡುವೆಯೇ ಕೂರಬೇಕು. ‘ದ ಕಸ್ಟಮರ್’ ಥರದ್ದಾದರೆ ‘ಆಫ್’ಗೆ ಹಿಂದೆಯೂ ಸರಿ, ಮುಂದೆಯೂ ಸರಿ.

ಲ್ಯಾಮಿನೇಟ್ ಮಾಡಿದ ಕಲರ್ ಕಾರ್ಡುಗಳಿಗೆ ಸಾವಿರದೈನೂರರ ಹತ್ತಿರ ಹೋಯಿತು, ದಂಡ. ಕಾರ್ಡು ಕೈಗೆ ಬಂದರೆ ಕಣ್ಣು ಓದುತ್ತದೆ, ಬಾಯಿ ಬಿಚ್ಚುವುದಿಲ್ಲ. ಬಿಚ್ಚಿಸಿದ್ದು ಖರ್ಚಿಲ್ಲದ ಆಟೋ ಲೆಕ್ಕ. 2025ರ ಆಗಸ್ಟಿನಿಂದ ಬೆಂಗಳೂರಿನ ಮೀಟರು ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಅಲ್ಲಿಗೆ 6 ಕಿ.ಮೀ.ಗೆ 108. ಡ್ರೈವರ್ ಆದವನು 250 ಕೇಳಬೇಕು. ಎದುರಿನವನು ‘ಯು ಆರ್ ರಿಪ್ಪಿಂಗ್ ಮೀ ಆಫ್’ ಅನ್ನಬೇಕು. ಮೂರನೆಯವನು ‘ಹೀ ಗಾಟ್ ರಿಪ್ಟ್ ಆಫ್’ ಅಂತ ವರದಿ ಮಾಡಬೇಕು. ರಾತ್ರಿ ಹತ್ತರ ಮೇಲೆ ಒನ್ ಅಂಡ್ ಹಾಫ್ ಕೇಳಿದರೆ 162, ಅದು ನ್ಯಾಯವಾದ ದರ. ಅಲ್ಲಿ ಈ ಮಾತು ಹೇಳಿದರೆ ಹೇಳಿದವನೇ ಔಟ್. ಈ ಕೊಕ್ಕೆ ಇರುವುದರಿಂದಲೇ ಯೋಚಿಸಿ ಮಾತಾಡುತ್ತಾರೆ.

ಉಚ್ಚಾರಣೆಯಲ್ಲಿ ‘ರಿಪ್ಪಡ್’ ಬಿಡಿಸಲೇಬೇಕು, ಕೊನೆಯದು ‘ಟ್’. ಕ್ರಿಯಾಪದದಲ್ಲಿ ಒತ್ತು ‘ಆಫ್’ ಮೇಲೆ. ‘ವಾಟ್ ಅ ರಿಪ್-ಆಫ್’ ಅಂತ ನಾಮಪದವಾದಾಗ ‘ರಿಪ್’ ಮೇಲೆ.

‘ದೇ ರಿಪ್ಟ್ ಆಫ್ ಅವರ್ ಡಿಸೈನ್’ ಅನ್ನುವ ನಕಲು ಹೊಡೆಯುವ ಅರ್ಥವನ್ನು ಅದೇ ದಿನ ತೆಗೆಯಬೇಡಿ. ಅಲ್ಲಿ ಕರ್ಮಪದ ವಸ್ತು, ಕಟ್ಟಿದ್ದೆಲ್ಲ ಸಡಿಲವಾಗುತ್ತದೆ. ಒಂದು ವಾರ ಬಿಡಿ. ಆಫೀಸಿನವರಿಗೆ ಮಾತ್ರ ಮೊದಲೇ ಹೇಳಿಡಿ: ಕ್ಲೈಂಟಿಗೆ ಬರೆಯುವ ಮೇಲ್‌ನಲ್ಲಿ ‘ಓವರ್‌ಚಾರ್ಜ್ಡ್’, ‘ರಿಪ್ ಆಫ್’ ಕ್ಯಾಂಟೀನ್ ಮಾತು.

ಇದೇ ದಾರಿಯಲ್ಲಿ ‘ಪುಟ್ ಆಫ್’ ಹಾಯಿಸಿ ನೋಡಿದೆ. ‘ಅದನ್ನ ಮುಂದೂಡು’, ‘ಪುಟ್ ಇಟ್ ಆಫ್’, ಸಲೀಸು. ಸಹಿಸಿಕೊಳ್ಳು ಅನ್ನುವ ‘ಪುಟ್ ಅಪ್ ವಿತ್’ ಮಾತ್ರ ಕೈಕೊಟ್ಟಿತು. ಅದರ ಮೂರು ತುಂಡುಗಳ ನಡುವೆ ‘ಹಿಮ್’ ನುಗ್ಗುವುದಿಲ್ಲ, ಕೊನೆಗೇ ಬರಬೇಕು. ಅಭ್ಯಾಸದ ಬಲದಿಂದ ಎಲ್ಲರೂ ನಡುವೆ ತುರುಕಿದರು.

ಈಗ ಇಪ್ಪತ್ತು ಜನರ ಬ್ಯಾಚಿನಲ್ಲಿ ಹದಿನೈದು ಮಂದಿಯಾದರೂ ತಡವರಿಸದೆ ಹೇಳುತ್ತಾರೆ, ನಕ್ಕವರು ಬಂದು ಕೂತು ಕೇಳಬಹುದು. ಉಳಿದ ಐವರ ಬಾಯಿ ಬಿಚ್ಚಿಸಲು ಇನ್ನೊಂದು ಆಟವಿದೆ, ಅದು ಫೀಸು ಕಟ್ಟಿದವರಿಗೆ.